ಗಾಲಿ ಕಟ್ಟಿಕೊಂಡ ಒಲೆ

ಹಂಡೆಯಲ್ಲಿ ಮಾಂಸದ ಜೊತೆ ಮೇಣದಬತ್ತಿಯ ಕುಡಿ ಕತ್ತರಿಸುವ ಒಂದು ಕತ್ತರಿಯೂ ಬೇಯುತ್ತಿತ್ತು. ಹಳೇ ಮೊಳೆ, ಅಂಗಿಯ ಗುಂಡಿ, ಕೆಂಪು ಬಟ್ಟೆಯ ಚಿಂದಿ, ಇವೂ ಇದ್ದವು. 1855ರ ವಸಂತಕಾಲ. ಇಂದು ಇಸ್ತಾಂಬುಲ್ ನಗರದೊಳಗೇ ಸೇರಿಹೋಗಿರುವ ಸ್ಕುಟಾರಿಯಲ್ಲಿ ಬ್ರಿಟಿಷ್ ಸೇನೆಯ ಆಸ್ಪತ್ರೆ; ಕಪ್ಪು ಸಮುದ್ರದ ಆಚೆ ಕ್ರೈಮಿಯಾದಲ್ಲಿ ರಷ್ಯದೊಡನೆ ಯುದ್ಧ. ಗಾಯಾಳುಗಳ ಊಟದ ವ್ಯವಸ್ಥೆ ಸರಿಪಡಿಸಲು ಲಂಡನ್ನಿನಿಂದ ಬಂದಿದ್ದ ಅಲೆಕ್ಸಿ ಸ್ವಾಯೆರ್ ಎಂಬ ಫ್ರೆಂಚ್ ಬಾಣಸಿಗ, ಇದೆಲ್ಲ ಏನೆಂದು ಕೇಳಿದ. ಗುರುತಿಗೆ ಎಂಬ ಉತ್ತರ ಬಂತು. ಒಂದೊಂದು ಗುಂಪಿನ ಪಾಲಿಗೆ ಬಂದ ಮಾಂಸವನ್ನು ಹಲಗೆಗೆ ಬಿಗಿದು ಕಟ್ಟಿ, ಅದಲುಬದಲಾಗದಿರಲೆಂದು ಕೈಗೆ ಸಿಕ್ಕಿದ್ದನ್ನು ಅದಕ್ಕೆ ಸಿಕ್ಕಿಸಿ ಹಂಡೆಗೆ ಇಳಿಬಿಡುತ್ತಿದ್ದರು. ಕತ್ತರಿ ಕೊಳಕಲ್ಲವೇ ಎಂದರೆ, ತಿಂಗಳಿಂದ ಕುದಿಯುತ್ತಿರುವ ಕತ್ತರಿಗೆ ಕೊಳೆ ಎಲ್ಲಿಂದ ಬರಬೇಕು ಎಂದನಂತೆ ಅಲ್ಲಿದ್ದ ಸೈನಿಕ.

ಸ್ವಾಯೆರ್ ಇದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಓದಿದವರಿಗೆಲ್ಲ ಕತ್ತರಿ ನೆನಪಿರುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಹಗ್ಗ. ಮಾಂಸವನ್ನು ಎಷ್ಟು ಬಿಗಿಯಾಗಿ ಕಟ್ಟುತ್ತಿದ್ದರೆಂದರೆ ಕುದಿಯುವ ನೀರು ತುಂಡುಗಳ ನಡುವೆ ನುಗ್ಗಲು ಸಂದೇ ಇರುತ್ತಿರಲಿಲ್ಲ. ಹೊರಮೈ ಬೆಂದು ನಾರಾಗುತ್ತಿತ್ತು, ಒಳಗಡೆ ಹಸಿಯಾಗಿಯೇ ಉಳಿಯುತ್ತಿತ್ತು. ಮಾಂಸದೊಳಗೆ ಶಾಖ ಕಣದಿಂದ ಕಣಕ್ಕೆ ದಾಟಿಕೊಂಡು, ತೆವಳಿಕೊಂಡು ಹೋಗಬೇಕು. ದಪ್ಪ ಎರಡರಷ್ಟಾದರೆ ನಡುವಿನವರೆಗೆ ತಲುಪಲು ಹಿಡಿಯುವ ಹೊತ್ತು ಸುಮಾರು ನಾಲ್ಕರಷ್ಟಾಗುತ್ತದೆ. ಹತ್ತು ತುಂಡುಗಳನ್ನು ಬಿಗಿದು ಒಂದೇ ಗಡ್ಡೆ ಮಾಡಿದರೆ ಸಂಜೆಯಾದರೂ ಅದು ಬೇಯದು. ಹಗ್ಗ ಸಡಿಲಿಸಿ ಎಂದ ಸ್ವಾಯೆರ್. ಚೆಲ್ಲುತ್ತಿದ್ದ ಮಾಂಸದ ರಸವನ್ನು ಉಳಿಸಿ ಸಾರು ಮಾಡಿಸಿದ. ಕಲಾಯಿ ಸವೆದಿದ್ದ ತಾಮ್ರದ ಹಂಡೆಗಳ ಬಗ್ಗೆ ತಕರಾರು ತೆಗೆದ. ರೋಗಿಗಳ ಊಟ ಕೆಲವೇ ದಿನಗಳಲ್ಲಿ ಬದಲಾಯಿತು, ರೇಷನ್ ಮಾತ್ರ ಅದೇ ಇತ್ತು.

ಆಸ್ಪತ್ರೆಯಲ್ಲಿ ಕೊನೇಪಕ್ಷ ಹಂಡೆಗಳಾದರೂ ಇದ್ದವು. ಸೆವಾಸ್ತೊಪೋಲ್ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ ಸೈನಿಕರಿಗೆ 1854ರ ಚಳಿಗಾಲದಲ್ಲಿ ಅದೂ ಇರಲಿಲ್ಲ. ತನ್ನ ಪಾಲಿನ ಉಪ್ಪುಮಾಂಸವನ್ನು ಪ್ರತಿಯೊಬ್ಬನೂ ತಾನೇ ಬೇಯಿಸಿಕೊಳ್ಳಬೇಕು. ಕಾಫಿ ಕೊಟ್ಟರು, ಹುರಿಯದ ಹಸಿರು ಬೀಜವನ್ನೇ ಕೊಟ್ಟರು. ಸುತ್ತಲಿನ ಗಿಡಮರ ಮುಗಿದ ಮೇಲೆ ಹೆಪ್ಪುಗಟ್ಟಿದ ನೆಲ ಅಗೆದು ಬೇರು ಕಿತ್ತರು. ಹಸಿ ಬೇರು ಹೊಗೆಯಾಡುತ್ತದೆ, ಉರಿಯುವುದಿಲ್ಲ. ಎಷ್ಟೋ ಜನ ಮಾಂಸವನ್ನು ಹಸಿಯಾಗಿಯೇ ತಿಂದರು. ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರಲ್ಲಿ ಬಹುಪಾಲು ಜನರನ್ನು ಕೊಂದದ್ದು ಕಾಯಿಲೆ, ಗುಂಡಲ್ಲ. ಸೇನೆ ಬಂದೂಕು, ಫಿರಂಗಿ, ಹಡಗುಗಳನ್ನು ಲೆಕ್ಕ ಹಾಕಿ ತಂದಿತ್ತು. ಒಂದು ಹೊತ್ತಿನ ಅಡುಗೆಗೆ ಎಷ್ಟು ಸೌದೆ ಬೇಕೆಂಬ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಹಾಗೆ ನೋಡಿದರೆ ಆ ಲೆಕ್ಕ ಹಾಕಿದವನೊಬ್ಬ ಅರವತ್ತು ವರ್ಷ ಮೊದಲೇ ಬಂದುಹೋಗಿದ್ದ. ಬೆಂಜಮಿನ್ ಥಾಂಪ್ಸನ್, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1753ರಲ್ಲಿ ಹುಟ್ಟಿ, ಅಲ್ಲಿನ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪಕ್ಷ ಹಿಡಿದು, ಕೊನೆಗೆ ಬವೇರಿಯಾದ ದೊರೆಯ ಸೇನೆಯನ್ನು ಸುಧಾರಿಸುವ ಕೆಲಸಕ್ಕೆ ನಿಂತವನು. ವಿಜ್ಞಾನದ ಪುಸ್ತಕಗಳಲ್ಲಿ ಅವನ ಹೆಸರು ಕೌಂಟ್ ರಮ್‌ಫರ್ಡ್. ಫಿರಂಗಿಯ ಕೊಳವೆ ಕೊರೆಯುವಾಗ ಶಾಖ ಎಷ್ಟು ಬಂದರೂ ಮುಗಿಯುವುದೇ ಇಲ್ಲವೆಂದು ಗಮನಿಸಿ, ಶಾಖ ಒಂದು ದ್ರವ್ಯವಲ್ಲ, ಚಲನೆಯ ರೂಪ ಎಂದು 1798ರಲ್ಲಿ ವಾದಿಸಿದ. ಅದೇ ಮನುಷ್ಯ ಮ್ಯೂನಿಕ್‌ನ ಬಡವರಿಗೂ ಸೈನಿಕರಿಗೂ ಕಡಿಮೆ ಸೌದೆಯಲ್ಲಿ ಅಡುಗೆಯಾಗುವ ಒಲೆಗಳನ್ನು ಕಟ್ಟಿಸಿದವನೂ ಹೌದು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕಿರಿದಲ್ಲ.

ಮ್ಯೂನಿಕ್‌ನಲ್ಲಿ ಅವನ ಊಟಕ್ಕೆ ದಪ್ಪನೆಯ ಅಕ್ಕಿಯ ಸೂಪು ಬರುತ್ತಿತ್ತು. ಅದು ಹೆಚ್ಚುಕಡಿಮೆ ನಮ್ಮ ಗಂಜಿ. ಒಮ್ಮೆ ತುಂಬ ಬಿಸಿಯಿತ್ತೆಂದು ಬಿಟ್ಟು, ಬಹಳ ಹೊತ್ತಿನ ಮೇಲೆ ಬಂದು ನೋಡಿದ. ಮೇಲಿನ ಚಮಚೆ ತಣ್ಣಗಿತ್ತು. ಎರಡನೆಯದನ್ನು ಆಳದಿಂದ ತೆಗೆದು ಬಾಯಿಗಿಟ್ಟರೆ ನಾಲಿಗೆ ಸುಟ್ಟಿತು. ಬಿಸಿ ಗಂಜಿಯನ್ನು ಅಂಚಿನಿಂದ ತಿನ್ನು, ನಡುವೆ ಕೈ ಹಾಕಬೇಡ ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ರಮ್‌ಫರ್ಡ್ ಅಲ್ಲಿಗೆ ಸುಮ್ಮನಾಗಲಿಲ್ಲ. ಅಷ್ಟೇ ಬಿಸಿಯ ಬರಿ ನೀರು ಬೇಗ ಆರುತ್ತದಲ್ಲ, ಗಂಜಿ ಏಕೆ ಆರುವುದಿಲ್ಲ?

ನೀರು ಶಾಖವನ್ನು ತನ್ನ ಮೂಲಕ ದಾಟಿಸುವುದರಲ್ಲಿ ಬಹಳ ದುರ್ಬಲ. ಅದು ಬೇಗ ಕಾಯುವುದೂ ಬೇಗ ಆರುವುದೂ ತಾನೇ ಓಡಾಡುವುದರಿಂದ. ತಳದಲ್ಲಿ ಕಾದ ನೀರು ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣನೆಯದು ಕೆಳಗಿಳಿಯುತ್ತದೆ. ಶಾಖವನ್ನು ಹೊತ್ತೊಯ್ಯುವ ಈ ಸುತ್ತಾಟಕ್ಕೆ ಸಂವಹನ ಎನ್ನುತ್ತೇವೆ. ಅಕ್ಕಿಯ ಪಿಷ್ಟ ನೀರನ್ನು ಹಿಡಿದು ನಿಲ್ಲಿಸಿದಾಗ ಈ ಸುತ್ತಾಟ ನಿಲ್ಲುತ್ತದೆ, ಶಾಖ ಇದ್ದಲ್ಲೇ ಸಿಕ್ಕಿಬೀಳುತ್ತದೆ. ಗಂಜಿ ಆರದಿರುವುದಕ್ಕೆ ಕಾರಣ ಇದು. ಅದೇ ಗಂಜಿ ಒಲೆಯ ಮೇಲಿದ್ದಾಗ ತಳ ಹಿಡಿಯುವುದಕ್ಕೂ ಕಾರಣ ಇದೇ. ತಳದಲ್ಲಿ ಹುಟ್ಟಿದ ಶಾಖ ಮೇಲೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂಡುತ್ತಾ ಹೋಗಿ, ಮೇಲ್ಭಾಗ ಇನ್ನೂ ಬೆಚ್ಚಗಿರುವಾಗಲೇ ಕೆಳಗೆ ಸೀಯುತ್ತದೆ. ಮನೆಯ ಪಾತ್ರೆಯಲ್ಲಿ ಇದು ಸೌಟಿನಿಂದ ಮುಗಿಯುವ ಸಮಸ್ಯೆ. ಇನ್ನೂರು ಜನರ ಕೊಪ್ಪರಿಗೆಯಲ್ಲಿ, ಅದೂ ಗಾಡಿಯೊಂದು ಹಳ್ಳದ ದಾರಿಯಲ್ಲಿ ಕುಲುಕುತ್ತ ಸಾಗುವಾಗ ಏನು ಮಾಡುವುದು? ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಮೊದಲು ಬೆಂಕಿಗೆ ಒಂದು ಗೋಡೆ ಬೇಕಿತ್ತು. ಬಯಲಲ್ಲಿ ಮೂರು ಕಲ್ಲಿನ ಒಲೆ ಹೂಡಿದರೆ ಸೌದೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಉಳಿದದ್ದು ಗಾಳಿಗೂ ಹೊಗೆಗೂ ಸುತ್ತ ಕೂತವರ ಮೊಣಕಾಲಿಗೂ ಹೋಗುತ್ತದೆ. ಮಲೆನಾಡಿನ ಮನೆಗಳ ಬಚ್ಚಲಿನಲ್ಲಿ ಹಂಡೆಯನ್ನು ಒಲೆಯೊಳಗೇ ಕೂರಿಸಿ ಸುತ್ತ ಮಣ್ಣು ಮೆತ್ತಿರುವುದನ್ನು ಕಂಡವರಿಗೆ ಸ್ವಾಯೆರ್ ಮಾಡಿದ್ದನ್ನು ವಿವರಿಸುವುದು ಸುಲಭ. ಬೆಂಕಿ ಕೆಳಗೆ, ಹಂಡೆಯ ಕಂಠದವರೆಗೂ ಗೋಡೆ, ಉರಿ ಸುತ್ತಲೂ ನೆಕ್ಕಿಕೊಂಡು ಹೋಗಲು ಸಂದು, ಹೊಗೆಗೊಂದು ದಾರಿ. ಚಿಕ್ಕಂದಿನಲ್ಲಿ ಒಂದು ಹಿಡಿ ಅಡಿಕೆ ಹಾಳೆ, ನಾಲ್ಕು ತೆಂಗಿನ ಗರಿಯಲ್ಲಿ ಹಂಡೆ ತುಂಬ ನೀರು ಕಾಯುವುದನ್ನು ನೋಡುತ್ತ ಕೂತದ್ದುಂಟು. ಸ್ವಾಯೆರ್ ಇದನ್ನೇ ತಗಡಿನ ಪೀಪಾಯಿಯಲ್ಲಿ ಮಾಡಿ, ಎತ್ತಿಕೊಂಡು ಹೋಗುವಂತೆ ಮಾಡಿದ. ಪೀಪಾಯಿಯ ಅಡಿಯಲ್ಲಿ ಬೆಂಕಿಗೂಡು, ಅದಕ್ಕೊಂದು ಪುಟ್ಟ ಬಾಗಿಲು, ಮೇಲಿನಿಂದ ಒಳಗೆ ಇಳಿದು ಕೂರುವ ಪಾತ್ರೆ, ಮುಚ್ಚಳ, ಒಂದು ಹೊಗೆಕೊಳವೆ. ಐವತ್ತು ಜನರ ಅಡುಗೆಗೆ 12ರಿಂದ 15 ಪೌಂಡ್, ಅಂದರೆ ಐದೂವರೆಯಿಂದ ಏಳು ಕಿಲೋ ಸೌದೆ ಸಾಕು ಎಂದು ಅವನು ಲೆಕ್ಕ ಕೊಟ್ಟ. ತಲೆಗೆ ನೂರೈವತ್ತು ಗ್ರಾಂ ಕೂಡ ಆಗಲಿಲ್ಲ. ಒಂದು ಹೇಸರಗತ್ತೆಯ ಬೆನ್ನಿಗೆ ಎರಡು ಒಲೆ ಹೇರಬಹುದು, ಒಣ ಸೌದೆಯನ್ನು ಒಲೆಯೊಳಗೇ ತುಂಬಿಕೊಳ್ಳಬಹುದು. ಉರಿ ಹೊರಗೆ ಕಾಣದಿದ್ದುದರಿಂದ ರಾತ್ರಿ ಶತ್ರುವಿನ ಕಣ್ಣಿಗೆ ಬೀಳುವ ಭಯವೂ ಇರಲಿಲ್ಲ.

1855ರ ಆಗಸ್ಟ್ ಕೊನೆಯಲ್ಲಿ ಸೆವಾಸ್ತೊಪೋಲ್ ಎದುರಿನ ಬಯಲಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ದಂಡನಾಯಕರನ್ನು ಕರೆದು ಸೈನಿಕರ ಮಾಮೂಲಿ ರೇಷನ್‌ನಲ್ಲೇ ಅಡುಗೆ ಮಾಡಿ ಬಡಿಸಿದ. ಒಲೆಯಿಂದ ಹಣ ಮಾಡಿದನೆಂಬ ಮಾತು ಬರಬಾರದೆಂದು ಪೇಟೆಂಟ್ ತೆಗೆದುಕೊಳ್ಳಲಿಲ್ಲ. 1858ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ಒಲೆ ಮಾತ್ರ ಎರಡನೆಯ ಮಹಾಯುದ್ಧ ಮುಗಿದ ಮೇಲೂ ಬ್ರಿಟಿಷ್ ಸೇನೆಯಲ್ಲಿ ಉರಿಯುತ್ತಲೇ ಇತ್ತು. ಕ್ರೈಮಿಯಾ ಯುದ್ಧದ ಹೊತ್ತಿನಲ್ಲಿ ಆ ಸೇನೆಯ ಬಳಕೆಯಲ್ಲಿದ್ದ ಬಂದೂಕುಗಳಲ್ಲಿ ಒಂದಾದರೂ ಅಷ್ಟು ಕಾಲ ಬಾಳಲಿಲ್ಲ.

ಈ ಒಲೆಗೆ ಒಂದು ಮಿತಿಯಿತ್ತು. ನಡೆಯುವಾಗ ಅದು ಬರಿಯ ಹೊರೆ. ಇಡೀ ದಿನ ಇಪ್ಪತ್ತು ಮೂವತ್ತು ಕಿಲೋಮೀಟರ್ ನಡೆದು ಬಂದ ಪಡೆ ಕತ್ತಲಾದ ಮೇಲೆ ಬಿಡಾರ ಹೂಡಿ, ಸೌದೆ ಹುಡುಕಿ, ನೀರು ತಂದು, ಒಲೆ ಹಚ್ಚಿ, ಮೂರು ಗಂಟೆ ಕಾದು ಉಣ್ಣಬೇಕು. ನಿದ್ದೆ ಬೇಕೋ ಊಟ ಬೇಕೋ ಎಂದರೆ ಹೆಚ್ಚಿನವರು ನಿದ್ದೆಯನ್ನೇ ಆರಿಸಿಕೊಳ್ಳುತ್ತಿದ್ದರು. ಒಲೆಯೇ ನಡೆಯುವಂತಾದರೆ? ಜರ್ಮನಿಯ ಇಡಾರ್ ಎಂಬ ಊರಿನಲ್ಲಿ ಪಾತ್ರೆ ಮಾಡುವ ಮನೆತನದ ರುಡಾಲ್ಫ್ ಫಿಸ್ಲರ್ 1892ರಲ್ಲಿ ಗಾಲಿಯ ಮೇಲಿನ ಅಡುಗೆಮನೆಯನ್ನು ರೂಪಿಸಿದ. ರಷ್ಯದ ಸೇನಾಧಿಕಾರಿ ಆಂತೋನ್ ತುರ್ಚಾನೊವಿಚ್ 1904ರಲ್ಲಿ ತನ್ನ ಮಾದರಿಗೆ ಪೇಟೆಂಟ್ ಪಡೆದ. ಆ ವರ್ಷವೇ ಶುರುವಾದ ರಷ್ಯ-ಜಪಾನ್ ಯುದ್ಧದಲ್ಲಿ ರಷ್ಯದ ಗಾಡಿ ಅಡುಗೆಮನೆಗಳನ್ನು ಕಂಡ ಮೇಲೆ ಜರ್ಮನ್ ಸೇನೆ ಗಂಭೀರವಾಗಿ ಈ ಕೆಲಸಕ್ಕೆ ಕೈ ಹಾಕಿತು. ಕುದುರೆ ಎಳೆಯುವ ಗಾಡಿ, ಮೇಲೆ ಎದ್ದು ನಿಂತ ಹೊಗೆಕೊಳವೆ. ದೂರದಿಂದ ಫಿರಂಗಿಯಂತೆಯೇ ಕಾಣುತ್ತಿತ್ತು. ಸೈನಿಕರು ಅದಕ್ಕೆ ಗೂಲಾಶ್ ಫಿರಂಗಿ ಎಂದು ಹೆಸರಿಟ್ಟರು. ಗೂಲಾಶ್ ಎಂದರೆ ಮಾಂಸ, ಈರುಳ್ಳಿ ಹಾಕಿ ನಿಧಾನಕ್ಕೆ ಬೇಯಿಸುವ ಗಟ್ಟಿ ಸಾರು. ಗಟ್ಟಿ ಎಂಬುದು ಇಲ್ಲಿ ಮುಖ್ಯ. ಗಟ್ಟಿಯಿದ್ದರೆ ತಳ ಹಿಡಿಯುತ್ತದೆ. ಓಡುವ ಗಾಡಿಯಲ್ಲಿ ಮುಚ್ಚಳ ಬಿಗಿದಿರುತ್ತದೆ, ಸೌಟು ಆಡಿಸಲಾಗದು.

ಇದಕ್ಕೆ ಜರ್ಮನ್ನರು ಕಂಡುಕೊಂಡ ಉಪಾಯವನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಷ್ಟು ಸೊಗಸಾಗಿದೆ ಅದು. ಸುಮಾರು 200 ಲೀಟರಿನ ಕೊಪ್ಪರಿಗೆಗೆ ಎರಡು ಗೋಡೆ ಮಾಡಿದರು. ಗೋಡೆಗಳ ನಡುವಿನ ಜಾಗಕ್ಕೆ ಗ್ಲಿಸರಿನ್ ತುಂಬಿದರು. ಚಳಿಗಾಲದಲ್ಲಿ ಒಡೆದ ತುಟಿಗೆ ಹಚ್ಚುತ್ತೇವಲ್ಲ, ಅದೇ. ಉರಿ ತಾಗುವುದು ಹೊರಗೋಡೆಗೆ. ಅಲ್ಲಿ ಕಾದ ಗ್ಲಿಸರಿನ್ ಮೇಲೇಳುತ್ತದೆ, ತಣ್ಣಗಿರುವುದು ಕೆಳಗಿಳಿಯುತ್ತದೆ. ಒಳಗಿನ ಸಾರಿಗೆ ಓಡಾಡಲು ಬಾರದಿದ್ದರೆ ಬೇಡ, ಹೊರಗಿನ ದ್ರವ ಅದರ ಪರವಾಗಿ ಓಡಾಡುತ್ತದೆ. ಒಳಗೋಡೆಯ ತಳಕ್ಕೂ ಪಕ್ಕಗಳಿಗೂ ಶಾಖ ಹದವಾಗಿ ಹಂಚಿಕೆಯಾಗುತ್ತದೆ. ನೀರನ್ನೇ ತುಂಬಬಹುದಿತ್ತಲ್ಲ ಎಂದು ಕೇಳಬಹುದು. ಅದು 100 ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ, ಚಳಿಗೆ ಹೆಪ್ಪುಗಟ್ಟಿ ಗೋಡೆಯನ್ನೇ ಸೀಳುತ್ತದೆ. ಗ್ಲಿಸರಿನ್ ಕುದಿಯುವುದು 290 ಡಿಗ್ರಿಯಲ್ಲಿ. ಮೇಲಾಗಿ ಅದು ಶಾಖದ ಗಂಟೂ ಹೌದು: ಬೆಂಕಿ ತೆಗೆದ ಮೇಲೂ ಗಂಟೆಗಟ್ಟಲೆ ಬಿಸಿ ಉಳಿಸಿಕೊಳ್ಳುತ್ತದೆ. ಬೆಳಿಗ್ಗೆ ಹೊರಡುವಾಗ ಬೆಂಕಿ ಹಚ್ಚಿ, ದಾರಿಯಲ್ಲಿ ಕುದಿ ಬಂದ ಮೇಲೆ ಸೌದೆ ಹಾಕುವುದನ್ನು ನಿಲ್ಲಿಸಿದರೆ, ಗಾಡಿ ನಡೆಯುತ್ತ ನಡೆಯುತ್ತ ಸಾರು ತನ್ನಷ್ಟಕ್ಕೆ ಬೇಯುತ್ತದೆ. ಪಡೆ ನಿಂತ ಕೂಡಲೇ ಮುಚ್ಚಳ ತೆಗೆದು ಬಡಿಸಬಹುದು. ರಮ್‌ಫರ್ಡ್‌ನ ನಾಲಿಗೆ ಸುಟ್ಟ ಅಕ್ಕಿಯ ಸೂಪಿಗೆ ನೂರು ವರ್ಷದ ಮೇಲೆ ಸಿಕ್ಕ ಉತ್ತರ ಇದು.

ಆದರೆ ಈ ಗಾಡಿ ಕಂದಕದವರೆಗೆ ಹೋಗುವಂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹೊಗೆ ಕಂಡಲ್ಲಿ ಗುಂಡು ಬೀಳುತ್ತಿತ್ತು. ಅಡುಗೆಮನೆ ಹಿಂದೆ ಎಲ್ಲೋ ಮರೆಯಲ್ಲಿ ನಿಲ್ಲಬೇಕು. ಕೊನೆಯ ಒಂದೆರಡು ಮೈಲಿ ಮನುಷ್ಯರೇ ಊಟ ಹೊರಬೇಕು, ರಾತ್ರಿ, ಕೆಸರಿನಲ್ಲಿ. ಬ್ರಿಟಿಷ್ ಸೈನಿಕರು ಊಟ ಹೊತ್ತ ಪಾತ್ರೆಗೆ ಡಿಕ್ಸಿ ಎನ್ನುತ್ತಿದ್ದರು. ಆ ಹೆಸರು ಹೋದದ್ದು ಭಾರತದಿಂದ. ದೇಗ್ಚಿ ಎಂಬ ಹಿಂದೂಸ್ತಾನಿ ಮಾತು ಅವರ ಬಾಯಲ್ಲಿ ಹಾಗಾಯಿತು. ಬಿರಿಯಾನಿಯ ದೇಗು ಇದೆಯಲ್ಲ, ಅದರ ಕಿರಿಯ ರೂಪ. ದಾರಿಯಲ್ಲಿ ಆರದಿರಲೆಂದು ಪಾತ್ರೆಯ ಸುತ್ತ ಒಣಹುಲ್ಲು ತುರುಕುತ್ತಿದ್ದರು. ಹುಲ್ಲಿಗಿಂತ ಹುಲ್ಲಿನ ನಡುವೆ ಸಿಕ್ಕಿಬಿದ್ದ ಗಾಳಿಯೇ ಇಲ್ಲಿ ಕೆಲಸ ಮಾಡುವುದು. ಗಾಳಿಯನ್ನೂ ಓಡಾಡದಂತೆ ಕಟ್ಟಿಹಾಕಿದರೆ ಅದು ಶಾಖವನ್ನು ಬಿಟ್ಟುಕೊಡುವುದಿಲ್ಲ. ಗಂಜಿಯಲ್ಲಿ ತೊಂದರೆ ಕೊಟ್ಟ ಗುಣವೇ ಹುಲ್ಲಿನಲ್ಲಿ ನೆರವಾಯಿತು. ಆ ರಾತ್ರಿಗಳಲ್ಲಿ ಡಿಕ್ಸಿ ಹೊತ್ತು ಹೋದವರಲ್ಲಿ ಎಷ್ಟೋ ಜನ ಹಿಂತಿರುಗಲಿಲ್ಲ. ಯುದ್ಧದ ಚರಿತ್ರೆಗಳಲ್ಲಿ ಅವರ ಬಗ್ಗೆ ಒಂದು ಸಾಲು ಹುಡುಕುವುದೂ ಕಷ್ಟ, ಇದು ನನಗೆ ಸಹಿಸಲಾಗದ ಸಂಗತಿ.

ಸೌದೆಯ ಕಾಲ ಮುಗಿದು ಎಣ್ಣೆಯ ಕಾಲ ಬಂದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಿಲೋ ಸೌದೆಗಿಂತ ಒಂದು ಕಿಲೋ ಪೆಟ್ರೋಲಿನಲ್ಲಿ ಎರಡೂವರೆ ಮೂರು ಪಟ್ಟು ಶಾಖವಿದೆ, ಹೊಗೆ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಪೆಟ್ರೋಲಿನಿಂದ ಉರಿಯುವ ಒಲೆಗಳನ್ನು ಲಾರಿಯಲ್ಲಿಟ್ಟು ಎಲ್ಲೆಡೆ ಒಯ್ದಿತು. 1975ರಲ್ಲಿ ಬಂದ ಅವರ ಟ್ರೈಲರ್ ಅಡುಗೆಮನೆಯಲ್ಲೂ ಅದೇ ಬಗೆಯ ಬರ್ನರ್. ಅದನ್ನು ಡೇರೆಯಿಂದ ದೂರ ಒಯ್ದು ಎಣ್ಣೆ ತುಂಬಿ, ಗಾಳಿ ಒತ್ತಿ, ಹಚ್ಚಿ, ಉರಿಯುತ್ತಿರುವಂತೆಯೇ ಒಳಗೆ ಹೊತ್ತು ತರಬೇಕಿತ್ತು. ಅದನ್ನು ಹೊತ್ತು ನಡೆದ ಅಡುಗೆಯವರ ಎದೆಗಾರಿಕೆ ದೊಡ್ಡದು. ಮುಂದೆ ಟ್ಯಾಂಕಿಗೂ ಜನರೇಟರಿಗೂ ಒಲೆಗೂ ಒಂದೇ ಎಣ್ಣೆ ಇರಲಿ ಎಂದು ಸೇನೆಗಳು ತೀರ್ಮಾನಿಸಿದವು. ಆ ಎಣ್ಣೆ ಸೀಮೆಎಣ್ಣೆಯ ಜಾತಿಯದು, ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗದು. ಮನೆಯಲ್ಲಿ ಪಂಪ್ ಸ್ಟೌ ಹಚ್ಚಿದವರಿಗೆ ಇದು ಗೊತ್ತು. ಮೊದಲು ಬಟ್ಟಲಿನಲ್ಲಿ ಸ್ಪಿರಿಟ್ ಸುರಿದು ಉರಿಸಿ ಬರ್ನರ್ ಕಾಯಿಸಬೇಕು. ಆಮೇಲಷ್ಟೇ ಎಣ್ಣೆ ಆವಿಯಾಗಿ ನೀಲಿ ಜ್ವಾಲೆ ಬರುತ್ತದೆ. ಹೊಸ ಬರ್ನರ್‌ಗಳು ಎಣ್ಣೆಯನ್ನು ಒತ್ತಡದ ಗಾಳಿಯಿಂದ ಮಂಜಿನಂತೆ ಸಿಂಪಡಿಸಿ ವಿದ್ಯುತ್ ಕಿಡಿಯಿಂದ ಹೊತ್ತಿಸುತ್ತವೆ. ಅಪಾಯ ತಗ್ಗಿತು, ಆದರೆ ಈಗ ಒಲೆಗೂ ಕರೆಂಟ್ ಬೇಕಾಯಿತು.

ಇನ್ನೊಂದು ದಾರಿಯೂ ಇತ್ತು, ಅದು ಮೈಸೂರಿನಿಂದ ಹೋಗುತ್ತದೆ. 1961ರ ಡಿಸೆಂಬರಿನಲ್ಲಿ ಅಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಅಡುಗೆಮನೆಯನ್ನು ಗಡಿಗೆ ಒಯ್ಯುವ ಬದಲು ಅಡುಗೆಯನ್ನೇ ಮುಗಿಸಿ ಕಳಿಸುವುದು ಅಲ್ಲಿನವರ ಹಾದಿ. ಉಪ್ಪಿಟ್ಟು, ಪಲಾವ್, ಚಪಾತಿ, ಪಲ್ಯ. ಅಲ್ಯೂಮಿನಿಯಂ ಹಾಳೆಯೂ ಪ್ಲಾಸ್ಟಿಕ್ ಪದರಗಳೂ ಸೇರಿದ ಚೀಲಕ್ಕೆ ಆಹಾರ ತುಂಬಿ, ಮೊಹರು ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿದರೆ ಕೆಡಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಆಮೇಲೆ ಫ್ರಿಜ್ ಬೇಡ, ತಿಂಗಳುಗಟ್ಟಲೆ ಇಡಬಹುದು. ಡಬ್ಬಿಗಿಂತ ಚಪ್ಪಟೆ ಚೀಲ ಮೇಲು ಎನ್ನುವುದಕ್ಕೂ ಆ ಹಲಗೆಗೆ ಕಟ್ಟಿದ ಮಾಂಸದ ಲೆಕ್ಕವೇ ಕಾರಣ: ತೆಳುವಾದಷ್ಟೂ ನಡುವಿಗೆ ಶಾಖ ಬೇಗ ತಲುಪುತ್ತದೆ, ಹೊರಭಾಗ ಅತಿಯಾಗಿ ಬೇಯುವುದಿಲ್ಲ.

ತಣ್ಣನೆಯ ಉಪ್ಪಿಟ್ಟನ್ನು ಬಿಸಿ ಮಾಡಲು ಬೆಂಕಿಯೇ ಬೇಕೆಂದೂ ಇಲ್ಲ. ಅಮೆರಿಕದ ಸೇನೆಯ ಊಟದ ಪೊಟ್ಟಣಗಳ ಜೊತೆ ಮೆಗ್ನೀಸಿಯಂ, ಕಬ್ಬಿಣ, ಉಪ್ಪು ಬೆರೆಸಿದ ಒಂದು ತೆಳು ಚೀಲ ಬರುತ್ತದೆ. ಅದಕ್ಕೆ ಸ್ವಲ್ಪ ನೀರು ಹೊಯ್ದರೆ ಮೆಗ್ನೀಸಿಯಂ ನೀರಿನೊಡನೆ ವರ್ತಿಸಿ ಕುದಿ ಬರುವಷ್ಟು ಕಾಯುತ್ತದೆ. 24 ಗ್ರಾಂ ಮೆಗ್ನೀಸಿಯಂ ಪೂರ್ತಿ ವರ್ತಿಸಿದರೆ ಒಂದು ಲೀಟರ್ ನೀರನ್ನು ಎಂಬತ್ತು ಡಿಗ್ರಿಗಿಂತ ಹೆಚ್ಚು ಬಿಸಿ ಮಾಡುವಷ್ಟು ಶಾಖ ಸಿಗುತ್ತದೆ. ಹೊಗೆಯಿಲ್ಲ, ಬೆಳಕಿಲ್ಲ. ಹೊರಬರುವ ಜಲಜನಕ ಮಾತ್ರ ಹೊತ್ತಿಕೊಳ್ಳುವಂಥದು, ಮುಚ್ಚಿದ ಜಾಗದಲ್ಲಿ ಎಚ್ಚರ ಬೇಕು. ಅದಕ್ಕಿಂತ ದೊಡ್ಡ ಷರತ್ತು ನೀರು. ನೀರಿಲ್ಲದಲ್ಲಿ ಅದು ಬರಿಯ ಪುಡಿ.

ಸಿಯಾಚಿನ್‌ನಲ್ಲಿ ಸುತ್ತಲೂ ನೀರೇ, ಆದರೆ ಎಲ್ಲವೂ ಗಟ್ಟಿ. 1984ರ ಏಪ್ರಿಲ್‌ನಿಂದ ನಮ್ಮ ಸೈನಿಕರು ಆ ಹಿಮನದಿಯ ಮೇಲಿನ ಶಿಖರಸಾಲನ್ನು ಕಾಯುತ್ತಿದ್ದಾರೆ. ಅತಿ ಎತ್ತರದ ಠಾಣೆಗಳು 6,000 ಮೀಟರಿಗೂ ಮೇಲೆ. ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲಿ ಕುದಿಯುತ್ತದೆ, ಲೇಹ್‌ನಲ್ಲಿ ಸುಮಾರು 88ರಲ್ಲಿ. 6,400 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಅಲ್ಲಿ 79 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ನೀರು ಆವಿಯಾಗಿ ಓಡುತ್ತದೆಯೇ ಹೊರತು ಇನ್ನಷ್ಟು ಬಿಸಿಯಾಗದು. ಪಾತ್ರೆ ಕೊತಕೊತ ಕುದಿಯುತ್ತಿರುತ್ತದೆ, ಬೇಳೆ ಮಾತ್ರ ಕಾಳುಕಾಳಾಗಿಯೇ ಇರುತ್ತದೆ. ಪ್ರೆಶರ್ ಕುಕ್ಕರ್ ಇಲ್ಲದೆ ಅಲ್ಲಿ ಲಂಗರ್ ನಡೆಯದು. ಸೇನೆಯ ಅಡುಗೆಮನೆಗೆ ಸೈನಿಕರು ಹೇಳುವ ಹೆಸರು ಲಂಗರ್. ಸಮುದ್ರಮಟ್ಟದಲ್ಲಿ ಕುಕ್ಕರಿನೊಳಗೆ 120 ಡಿಗ್ರಿಯವರೆಗೆ ಏರುವ ಬಿಸಿ ಅಲ್ಲಿ 110ರ ಹತ್ತಿರ ನಿಲ್ಲುತ್ತದೆ, ಏಕೆಂದರೆ ಸೀಟಿಯ ತೂಕ ತನ್ನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡದ ಮೇಲೆ ಕೂಡಿಸುತ್ತದೆ, ಆ ಗಾಳಿಯೇ ತೆಳು. ಆದರೂ 79 ಎಲ್ಲಿ, 110 ಎಲ್ಲಿ.

ಸ್ಟೌಗೂ ಉಸಿರಾಟದ ಕಷ್ಟ. ಗಾಳಿ ತೆಳುವಾದ್ದರಿಂದ ಆಮ್ಲಜನಕ ಸಾಲದೆ ಜ್ವಾಲೆ ಹಳದಿಗೆ ತಿರುಗಿ ಮಸಿ ಕಾರುತ್ತದೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ ನೆತ್ತರಿನ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊರಗೆ ಮೂಳೆ ಕೊರೆಯುವ ಗಾಳಿಯಿದ್ದಾಗ ಗುಡಾರದ ಸಂದುಗಳನ್ನೆಲ್ಲ ಮುಚ್ಚಿ ಸ್ಟೌ ಉರಿಸಬೇಕೆನ್ನಿಸುತ್ತದೆ. ಅದರಂಥ ಅಪಾಯ ಮತ್ತೊಂದಿಲ್ಲ.

ಇಷ್ಟೆಲ್ಲ ಅಡುಗೆ ಶುರುವಾದ ಮೇಲಿನ ಮಾತು. ಮೊದಲು ನೀರಾಗಬೇಕು. ಮೈನಸ್ 20 ಡಿಗ್ರಿಯ ಒಂದು ಕಿಲೋ ಹಿಮವನ್ನು ಸೊನ್ನೆಗೆ ತರಲು 42 ಕಿಲೋಜೂಲ್, ಕರಗಿಸಲು 334, ಅಲ್ಲಿಂದ ಕುದಿಸಲು 330. ಒಟ್ಟು 700ಕ್ಕೆ ಸ್ವಲ್ಪ ಹೆಚ್ಚು. ಬೆಂಗಳೂರಿನ ನಲ್ಲಿ ನೀರಾದರೆ 300ಕ್ಕೆ ಕುದಿಯುತ್ತಿತ್ತು. ಸ್ಟೌ ತನ್ನ ಶಾಖದಲ್ಲಿ ನೂರಕ್ಕೆ ನಲವತ್ತು ಪಾಲು ಪಾತ್ರೆಗೆ ಕೊಡುತ್ತದೆ ಎಂದುಕೊಂಡರೂ, ಒಬ್ಬ ಜವಾನನ ಐದು ಲೀಟರ್ ನೀರಿಗೇ ದಿನಕ್ಕೆ ಕಾಲು ಲೀಟರ್ ಸೀಮೆಎಣ್ಣೆ ಬೇಕು. ಆ ಎತ್ತರದ ಠಾಣೆಗಳಿಗೆ ಎಣ್ಣೆಯ ಡಬ್ಬಿ ಹೋಗುವುದು ಹೆಲಿಕಾಪ್ಟರಿನಲ್ಲಿ, ಅಲ್ಲಿಂದ ಮುಂದೆ ಮನುಷ್ಯರ ಬೆನ್ನ ಮೇಲೆ.

ಇನ್ನೊಂದು ವಿಚಿತ್ರವಿದೆ. ಹಿಮವೂ ತಳ ಹಿಡಿಯುತ್ತದೆ! ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ. ಹರಳುಗಳ ನಡುವೆ ಕಟ್ಟಿಹಾಕಿದ ಗಾಳಿ. ಬರಿ ಪಾತ್ರೆಗೆ ಅದನ್ನು ತುಂಬಿ ಸ್ಟೌ ಮೇಲಿಟ್ಟರೆ ತಳಕ್ಕೆ ತಾಗಿದ ಪದರ ಕರಗುತ್ತದೆ, ಕರಗಿದ ನೀರನ್ನು ಮೇಲಿನ ಹಿಮ ಬತ್ತಿಯಂತೆ ಹೀರಿಕೊಳ್ಳುತ್ತದೆ. ತಳ ಒಣಗಿ ಕಾದು ಕೆಂಪಾಗುವ ಹಂತಕ್ಕೆ ಬರುತ್ತದೆ, ನೀರಿಗೆ ಸುಟ್ಟ ವಾಸನೆ ಹಿಡಿಯುತ್ತದೆ, ಎಣ್ಣೆ ದಂಡವಾಗುತ್ತದೆ. ಶಾಖವನ್ನು ಮೇಲಕ್ಕೆ ಹೊತ್ತೊಯ್ಯಲು ಅಲ್ಲಿ ಓಡಾಡುವ ಏನಾದರೂ ಬೇಕು. ಹಾಗಾಗಿ ಎತ್ತರದಲ್ಲಿ ಹಿಮ ಕರಗಿಸಿ ಬಲ್ಲವರು ಹಿಂದಿನ ದಿನದ ಒಂದಿಷ್ಟು ನೀರನ್ನು ಥರ್ಮಾಸಿನಲ್ಲಿ ಉಳಿಸಿಟ್ಟಿರುತ್ತಾರೆ. ಬೆಳಿಗ್ಗೆ ಸ್ಟೌ ಹಚ್ಚಿ ಪಾತ್ರೆಯ ತಳಕ್ಕೆ ಮೊದಲು ಅದನ್ನು ಒಂದು ಸೌಟು ಹೊಯ್ಯುತ್ತಾರೆ. ಅದು ಬೆಚ್ಚಗಾದ ಮೇಲೆ ಒಂದೊಂದೇ ಹಿಡಿ ಹಿಮ ಹಾಕುತ್ತಾ ಹೋಗುತ್ತಾರೆ.